ಬ್ರೆಂಟ್‌ಫೋರ್ಡ್ ಲಾಕ್ ಹೊರಗೆ ಕಾಯುವಾಗ ಹಗ್ಗ ಬಿಗಿದು ದೋಣಿ ವಾಲಿತು

ನೀರುದಾರಿ:
ಲಂಡನ್‌ನ ಟೆಡಿಂಗ್ಟನ್‌ನಿಂದ ಇಳಿತದ ಜೊತೆ ಥೇಮ್ಸ್ ನದಿಯಲ್ಲಿ ಬಂದು ಬ್ರೆಂಟ್‌ಫೋರ್ಡ್ ಹತ್ತಿರ ಕಾಲುವೆಗೆ ತಿರುಗಿದೆವು. ಲಾಕ್‌ನಲ್ಲಿ (ನೀರಿನ ಮಟ್ಟ ಬದಲಿಸಿ ದೋಣಿಯನ್ನು ಏರಿಸಿ ಇಳಿಸುವ, ಬಾಗಿಲುಗಳಿರುವ ಕಟ್ಟೆ) ಬೇರೆ ದೋಣಿಗಳಿದ್ದವು. ಗೋಡೆ ಪಕ್ಕ ನಿಲ್ಲಿಸಿ, ಚಾವಣಿಯ ನಡುವಿನ ಹಗ್ಗವನ್ನು ಮೇಲಿನ ಗೂಟಕ್ಕೆ ಕಟ್ಟಿ ಕಾದೆವು. ನೀರು ಇಳಿದಂತೆ ಹಗ್ಗ ಬಿಗಿದು ದೋಣಿ ವಾಲಿತು, ಒಲೆ ಮೇಲಿದ್ದ ಪಾತ್ರೆ ಜಾರಿತು. ಗಂಟು ಬಿಚ್ಚಲು ಬರಲೇ ಇಲ್ಲ, ಕತ್ತರಿಸಬೇಕಾಯಿತು. ಮುಂದಿನ ವಾರ ಮತ್ತೆ ಅದೇ ದಾರಿ. 57 ಅಡಿ ನ್ಯಾರೋಬೋಟ್ (ಕಾಲುವೆಯಲ್ಲಿ ಓಡುವ ಉದ್ದ, ಕಿರಿದಾದ ದೋಣಿ), ಇರುವವರು ಇಬ್ಬರು. ಊರು ಮಲ್ಪೆ, ಅಲ್ಲಿ ಹೀಗಾದದ್ದು ನೋಡಿಲ್ಲ.

ಹಳೇಹಗ್ಗ:
ಮಲ್ಪೆಯಲ್ಲಿ ಉಬ್ಬರ-ಇಳಿತದ ಅಂತರ 2 ಮೀಟರಿನ ಒಳಗೇ ಅಲ್ವಾ? ಲಂಡನ್ ಬ್ರಿಡ್ಜ್ ಹತ್ತಿರ ದೊಡ್ಡ ಉಬ್ಬರದ ದಿನ 6 ಮೀಟರಿಗೂ ಜಾಸ್ತಿ. ಇಲ್ಲಿ ಹಗ್ಗ ಕಟ್ಟಿ ಒಳಗೆ ಹೋಗಿ ಕೂರುವ ಹಾಗೇ ಇಲ್ಲ.

ನಡುವಿನ ಹಗ್ಗ ಮೊದಲು ಬಿಡಿ. ಅದು ಚಾವಣಿಯ ಎತ್ತರದಲ್ಲಿರುತ್ತದೆ, ಎಳೆತ ಬಿದ್ದರೆ ದೋಣಿಯನ್ನೇ ಮಗುಚಲು ನೋಡುತ್ತದೆ. ಮುಂದೆ ಒಂದು, ಹಿಂದೆ ಒಂದು ಉದ್ದ ಹಗ್ಗ ಹಾಕಿ. ಗೂಟದ ಸುತ್ತ ಬಳಸಿ ತುದಿಯನ್ನು ದೋಣಿಗೇ ವಾಪಸ್ ತನ್ನಿ. ದೋಣಿಯ ಗೂಟಕ್ಕೆ ಎರಡು ಮೂರು ಸುತ್ತು ಸಾಕು, ಗಂಟು ಬೇಡವೇ ಬೇಡ. ಎಳೆತ ಇದ್ದಾಗಲೂ ಸುತ್ತು ಬಿಚ್ಚಬಹುದು, ಗಂಟು ಬಿಚ್ಚಲಾಗದು. ನೀರು ಇಳಿದಂತೆ ಸ್ವಲ್ಪ ಸ್ವಲ್ಪ ಬಿಡುತ್ತಾ ಹೋಗಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಹೋಗುತ್ತದೆ.

ನೀರುದಾರಿ:
ಇಬ್ಬರೂ ಹಗ್ಗ ಹಿಡಿದರೆ ಎಂಜಿನ್ ನೋಡುವವರು ಯಾರು? ಗೋಡೆಯ ಏಣಿಗೆ ಕಟ್ಟಬಹುದಾ?

ಹಳೇಹಗ್ಗ:
ಏಣಿ ನೀರಿಗೆ ಬಿದ್ದವರಿಗೆ ಇರುವುದು, ಅದಕ್ಕೆ ಕಟ್ಟಬೇಡಿ. ಚುಕ್ಕಾಣಿಯಲ್ಲಿರುವವರೇ ಹಿಂದಿನ ಹಗ್ಗ ನೋಡಿಕೊಳ್ಳಲಿ. ಎಂಜಿನ್ ನ್ಯೂಟ್ರಲ್‌ನಲ್ಲಿ ಓಡುತ್ತಿರಲಿ. ಲೈಫ್ ಜಾಕೆಟ್ ಹಾಕಿಯೇ ಇರಿ. ತೇಲುವ ಜೆಟ್ಟಿ ಸಿಕ್ಕಿದರೆ ಚಿಂತೆಯಿಲ್ಲ, ನೀರಿನ ಜೊತೆ ಅದೂ ಏರಿಳಿಯುತ್ತದೆ.

ತೇಲುಮನೆ:
ಒಂದು ಸೇರಿಸುತ್ತೇನೆ. ಥೇಮ್ಸ್ ಲಾಕ್ (ನೀವು ಕಾದ ಬ್ರೆಂಟ್‌ಫೋರ್ಡ್‌ನ ಲಾಕ್) ತೆರೆಯುವುದು ಉಬ್ಬರ ತುಂಬಿದ ಹೊತ್ತಿನ ಹಿಂದೆ ಮುಂದೆ ಸುಮಾರು 2 ಗಂಟೆ ಮಾತ್ರ. ಕಡೇ ಗಳಿಗೆಯಲ್ಲಿ ಹೋದರೆ ದೋಣಿ ಕೆಸರಲ್ಲಿ ಕೂರುತ್ತದೆ. ಮೊದಲೇ ಬುಕ್ ಮಾಡಿ, ಟೆಡಿಂಗ್ಟನ್ ಬಿಡುವ ಮುಂಚೆ ಲಾಕ್ ಕೀಪರ್‌ಗೆ ಫೋನ್ ಮಾಡಿ. ತಡ ಅಂದರೆ ಟೆಡಿಂಗ್ಟನ್ ಲಾಕ್‌ನ ಮೇಲ್ಗಡೆಯೇ ನಿಲ್ಲಿ. ಅಲ್ಲಿ ಹೊಳೆ ಹೀಗೆ ಏರಿಳಿಯುವುದಿಲ್ಲ.