ಸಹಾಯ ಬೇಕು: ಗರಡಿ ಸಾಮು, ಯೋಗ ಎರಡೂ ಒಂದೇ ವಾರದಲ್ಲಿ ಹೊಂದಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಳಗಿನ ನಮ್ಮ ಅಭ್ಯಾಸದ ತಂಡಕ್ಕೆ ಗರಡಿ ಸಾಮು, ಯೋಗ ಎರಡನ್ನೂ ಬಲ್ಲವರ ಸಲಹೆ ಬೇಕಾಗಿದೆ.

ಈಗಿನ ಕ್ರಮ ಹೀಗಿದೆ. ಸೋಮವಾರ, ಗುರುವಾರ 12 ಸುತ್ತು ಸೂರ್ಯನಮಸ್ಕಾರ, ಹತ್ತತ್ತರಂತೆ 5 ಸಲ ದಂಡ (ನೆಲಕ್ಕೆ ಕೈಯೂರಿ ಮೈ ಇಳಿಸಿ ಏಳುವುದು), ಇಪ್ಪತ್ತಿಪ್ಪತ್ತರಂತೆ 5 ಸಲ ಬಸ್ಕಿ (ಕೂತು ಏಳುವುದು). ನಡುವೆ 1 ನಿಮಿಷ ಬಿಡುವು. ಮಂಗಳವಾರ, ಶನಿವಾರ ಮೃದು ಅಭ್ಯಾಸ: ಸುಪ್ತ ಬದ್ಧಕೋನಾಸನ (ಅಂಗಾಲು ಜೋಡಿಸಿ, ಮಂಡಿ ಅಗಲಿಸಿ ಮಲಗುವುದು), ಗೋಡೆಗೆ ಕಾಲು ಚಾಚಿ 8 ನಿಮಿಷ ವಿಪರೀತಕರಣಿ, ಕೊನೆಗೆ ನಾಡಿಶೋಧನ (ಒಂದೊಂದೇ ಮೂಗಿನ ಹೊಳ್ಳೆಯಿಂದ ಉಸಿರಾಡುವ ಪ್ರಾಣಾಯಾಮ). ಉಳಿದ ದಿನ ನಡಿಗೆ ಅಷ್ಟೇ.

ತೊಡಕು ಬರುತ್ತಿರುವುದು ಬಸ್ಕಿಯಲ್ಲಿ. ಲೆಕ್ಕ ಮುಗಿಸುವ ಅವಸರದಲ್ಲಿ ಏಳುವಾಗ ಮಂಡಿ ಒಳಕ್ಕೆ ವಾಲುತ್ತದೆ. ಹಿಮ್ಮಡಿ ಎತ್ತಿರುವುದರಿಂದ ಭಾರವೂ ಮುಂದಕ್ಕೆ ಬಂದು, ಮಂಡಿಚಿಪ್ಪಿನ ಕೆಳಗೆ ನೋವು. ಕುರ್ಚಿಯ ಎತ್ತರಕ್ಕೆ ಮಾತ್ರ ಕೂತು, ಹಿಮ್ಮಡಿ ಊರಿ, ಮಂಡಿಯನ್ನು ಕಾಲಿನ ಎರಡನೇ ಬೆರಳಿನ ನೇರಕ್ಕೆ ಇಟ್ಟರೆ ಸಾಕೇ? ಅಥವಾ ಕೆಲವು ವಾರ ಬಸ್ಕಿಯನ್ನೇ ಬಿಡಬೇಕೇ?

ಇನ್ನೊಂದು, ಸಾಮು ಮುಗಿದ ತಕ್ಷಣ ನಿಂತಲ್ಲೇ ನಿಂತವರಿಗೆ ತಲೆಸುತ್ತು. ರಕ್ತ ಕಾಲಲ್ಲೇ ನಿಲ್ಲುವುದರಿಂದ ಹೀಗಾಗುತ್ತದೆ. ಹಾಗಾಗಿ 5 ನಿಮಿಷ ನಿಧಾನವಾಗಿ ನಡೆದ ಮೇಲೆಯೇ ಶವಾಸನ ಮಾಡಿಸುತ್ತಿದ್ದೇವೆ. ಇದು ಚೆನ್ನಾಗಿ ಫಲ ಕೊಟ್ಟಿದೆ.

ಮೃದು ಅಭ್ಯಾಸದ ದಿನ ಮೃದುವಾಗಿಯೇ ಉಳಿಯುತ್ತಿಲ್ಲ ಎಂಬುದೇ ದೊಡ್ಡ ಚಿಂತೆ. ಸೋಮವಾರದ ಮೈಕೈ ನೋವು ಮಂಗಳವಾರ, ಬುಧವಾರ ಜೋರಾಗಿರುತ್ತದೆ. ಅದೇ ತೊಡೆಯನ್ನು ಪಶ್ಚಿಮೋತ್ತಾನಾಸನದಲ್ಲಿ (ಕಾಲು ಚಾಚಿ ಕೂತು ಮುಂದಕ್ಕೆ ಬಾಗುವುದು) ಎಳೆದೆಳೆದು ಹಿಗ್ಗಿಸುತ್ತಾರೆ. ಇದನ್ನು ತಡೆಯಲು ಯಾವ ಆಸನ ಕೊಡುತ್ತೀರಿ?

ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಕುಂಭಕ (ಉಸಿರು ಬಿಗಿಹಿಡಿಯುವುದು), ಶೀರ್ಷಾಸನ ಬಿಡಿಸಿದ್ದೇವೆ. ವಿಪರೀತಕರಣಿಯನ್ನೂ ಬಿಡಿಸಬೇಕೇ? ಮಣಿಕಟ್ಟು ನೋವಿರುವವರಿಗೆ ಗೋಡೆಗೆ ಕೈಯೂರಿ ದಂಡ ಮಾಡಿಸಿದವರಿದ್ದರೆ, ಪಾದ ಗೋಡೆಯಿಂದ ಎಷ್ಟು ದೂರ ಎಂಬುದನ್ನೂ ದಯವಿಟ್ಟು ಬರೆಯಿರಿ.