ಪದಚರ್ಚೆ: ಸ್ಟ್ಯಾನೈಟಿಗೆ ಕನ್ನಡದಲ್ಲಿ ಏನನ್ನೋಣ? ‘ಕಂಚಿನ ಅದಿರು’ ಅಂದರೆ ತಪ್ಪಾ?

ಎಲ್ಲರಿಗೂ ನಮಸ್ಕಾರ.

ಒಂದು ಕಲ್ಲಿನ ಹೆಸರಿಗೆ ನಿಮ್ಮ ಸಹಾಯ ಬೇಕಿತ್ತು. ನಮ್ಮೂರಿನ ಕಾಲೇಜೊಂದರಲ್ಲಿ ಭೂವಿಜ್ಞಾನದ ಹಳೆಯ ಮಾದರಿಗಳಿವೆ. ಅವಕ್ಕೆ ಕನ್ನಡದಲ್ಲಿ ಚೀಟಿ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡುಬಿಟ್ಟೆ. ಸುಮಾರು ಕಲ್ಲುಗಳು ಸಲೀಸಾಗಿ ಮುಗಿದವು. ಬೆಣಚುಕಲ್ಲು, ಬಳಪದಕಲ್ಲು, ಸೂಜಿಗಲ್ಲು, ಕಾಗೆಬಂಗಾರ, ಹೀಗೆ ನಮ್ಮವರೇ ಎಂದೋ ಇಟ್ಟ ಹೆಸರುಗಳಿವೆಯಲ್ಲ, ಯೋಚನೆಯೇ ಬೇಕಾಗಲಿಲ್ಲ. ಸಿಕ್ಕಿಹಾಕಿಕೊಂಡಿದ್ದು ಸ್ಟ್ಯಾನೈಟ್ ಅನ್ನುವ ಖನಿಜದ ಹತ್ತಿರ.

ಮೊದಲು ವಸ್ತು ಯಾವುದು ಅಂತ ಹೇಳುತ್ತೇನೆ. ಹಸಿ ಅಡಿಕೆ ಗಾತ್ರದ ಒಂದು ಉಂಡೆ. ಹಳೆಯ ಚೀಟಿಯಲ್ಲಿ ‘ಬೊಲಿವಿಯಾ, ಒರುರೊ’ ಅಂತ ಶಾಯಿಯಲ್ಲಿ ಬರೆದಿದೆ. ಬಣ್ಣ ಉಕ್ಕಿನ ಬೂದು. ಒಂದು ಕಡೆ ಸ್ವಲ್ಪ ಹಸಿರು ಛಾಯೆ, ನಡುವೆ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಹಳದಿ ಚುಕ್ಕಿಗಳು. ಆ ಹಳದಿ ಬೇರೆ ಖನಿಜ, ಚಾಲ್ಕೊಪೈರೈಟ್ ಅನ್ನುವ ತಾಮ್ರದ ಅದಿರು. ಕೈಗೆತ್ತಿಕೊಂಡರೆ ಭಾರ ಗೊತ್ತಾಗುತ್ತದೆ. ಅಷ್ಟೇ ಗಾತ್ರದ ಬೆಣಚುಕಲ್ಲಿಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ ತೂಗುತ್ತದೆ, ಸಾಪೇಕ್ಷ ಸಾಂದ್ರತೆ 4.3ರಿಂದ 4.5. ಮನೆಯಲ್ಲಿ ಮಿಕ್ಕಿದ್ದ ಬಚ್ಚಲುಮನೆ ಟೈಲ್ಸಿನ ಹಿಂಭಾಗಕ್ಕೆ ಉಜ್ಜಿದೆ, ಕಪ್ಪು ಗೀರು ಬಿತ್ತು. ಹಳೆಯ ತಾಮ್ರದ ಕಾಸಿನಿಂದ ಗೀಚಿದರೆ ಏನೂ ಆಗಲಿಲ್ಲ, ಚಾಕುವಿನ ತುದಿಗೆ ಗೆರೆ ಬಿತ್ತು. ಗಡಸುತನ (1ರಿಂದ 10ರ ಮೋಸ್ ಅಳತೆಯಲ್ಲಿ) 4ರ ಆಸುಪಾಸು ಅಂತ ಪುಸ್ತಕ ಹೇಳುವುದು ಸರಿಯಾಗಿಯೇ ಇದೆ.

ಒಳಗೆ ಇರುವುದು ತಾಮ್ರದ ಎರಡು ಪರಮಾಣು, ಕಬ್ಬಿಣದ ಒಂದು, ತವರದ (ಇಂಗ್ಲಿಷಿನ ಟಿನ್) ಒಂದು, ಗಂಧಕದ ನಾಲ್ಕು. ತೂಕದಲ್ಲಿ ಹೇಳುವುದಾದರೆ ತಾಮ್ರ ಶೇ. 29.6, ತವರ ಶೇ. 27.6, ಕಬ್ಬಿಣ ಶೇ. 13, ಉಳಿದದ್ದು ಗಂಧಕ.

ಮೊದಲ ಸಲ ನಾನು ಬರೆದುಕೊಟ್ಟಿದ್ದು ‘ತವರದ ಗಂಧಕ ಖನಿಜ’ ಅಂತ. ಅಚ್ಚಾಗಿ ಬಂದಿದ್ದು ‘ತವರಿನ ಗಂಧಕ ಖನಿಜ’! ಟೈಪು ಮಾಡಿದವರಿಗೋ ಅವರ ಯಂತ್ರಕ್ಕೋ ತವರ ಅನ್ನುವ ಲೋಹ ಗೊತ್ತಿಲ್ಲ, ತವರು ಮಾತ್ರ ಗೊತ್ತು. ಒಬ್ಬ ಹುಡುಗಿ ಓದಿ, ‘ಸಾರ್, ಇದು ತವರುಮನೆಯಿಂದ ತಂದ ಕಲ್ಲಾ?’ ಅಂದಳು. ನಗು ಬಂತು, ಆದರೆ ಆಮೇಲೆ ಯೋಚನೆ ಹತ್ತಿತು. ತವರ ಅನ್ನುವ ಪದ ಈಗ ಯಾರ ಬಾಯಲ್ಲಾದರೂ ಇದೆಯಾ? ‘ಟಿನ್ನು’ ಅಂದರೆ ಎಣ್ಣೆ ಡಬ್ಬ. ‘ತಗಡು’ ಅಂದರೆ ಯಾವ ಲೋಹದ ಹಾಳೆಯೂ ಆಗಬಹುದು. ಲೋಹವನ್ನೇ ಹೇಳುವ ಪದ ಬೇಕೆಂದರೆ ತವರವೇ ಗತಿ. ಸಂಸ್ಕೃತದ ತ್ರಪು, ವಂಗ ಇವೆ, ಆದರೆ ವಂಗ ಉಳಿದಿರುವುದು ವಂಗಭಸ್ಮದ ಶೀಷೆಯ ಮೇಲೆ ಮಾತ್ರ.

ಇನ್ನೊಂದು ತಮಾಷೆ. ತವರ ಅನ್ನುವ ಪದ ಮರೆತರೂ ತವರದ ಇನ್ನೊಂದು ಹೆಸರನ್ನು ನಾವೆಲ್ಲ ಹೇಳುತ್ತಲೇ ಇದ್ದೇವೆ. ಕಲಾಯಿ! ಅರಬ್ಬಿಯಲ್ಲಿ ‘ಕಲಯಿ’ ಅಂದರೆ ತವರವೇ. ನಮ್ಮಲ್ಲಿಗೆ ಬರುವಾಗ ಅದು ಲೋಹದ ಹೆಸರಾಗದೆ ಕೆಲಸದ ಹೆಸರಾಯಿತು. ನಮ್ಮ ಬೀದಿಗೆ ಬರುತ್ತಿದ್ದ ಕಲಾಯಿಯವನು ನೆಲದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರ ಎರಚಿ, ತವರದ ಕಡ್ಡಿಯನ್ನು ಹಾಗೆ ಒಂದು ಸಲ ಮುಟ್ಟಿಸಿ ಹತ್ತಿಯಿಂದ ಬಳಿದರೆ ಹಿತ್ತಾಳೆ ಪಾತ್ರೆಯ ಒಳಗೆಲ್ಲ ಬೆಳ್ಳಿ ಹರಡಿದ ಹಾಗೆ ಆಗುತ್ತಿತ್ತು. ಆ ಕಡ್ಡಿಗೆ ಅವನು ಏನನ್ನುತ್ತಿದ್ದ ಅಂತ ನೆನಪಿಗೆ ಬರುತ್ತಿಲ್ಲ. ಯಾರಿಗಾದರೂ ನೆನಪಿದ್ದರೆ ದಯವಿಟ್ಟು ಬರೆಯಿರಿ. ಇದು ನನ್ನ ಮೊದಲ ಪ್ರಶ್ನೆ ಅಂತಲೇ ಇಟ್ಟುಕೊಳ್ಳಿ.

ಈಗ ಹೆಸರಿಗೆ ಬರೋಣ.

ಸ್ಟ್ಯಾನೈಟ್ ಅಂತಲೇ ಬರೆದುಬಿಡಬಹುದಲ್ಲ ಅನ್ನಬಹುದು. ಬರೆಯಬಹುದು, ಆದರೆ ಅದರಲ್ಲೂ ಒಂದು ತೊಡಕಿದೆ. ರಸಾಯನಶಾಸ್ತ್ರದಲ್ಲಿ ಇನ್ನೊಂದು ಸ್ಟ್ಯಾನೈಟ್ ಇದೆ. ‘ಸೋಡಿಯಂ ಸ್ಟ್ಯಾನೈಟ್’ ಅಂತ ಓದಿರುತ್ತೀರಿ. ಅದು ಲವಣ. ಅದರಲ್ಲಿ ತಾಮ್ರವೂ ಇಲ್ಲ ಗಂಧಕವೂ ಇಲ್ಲ, ಇರುವುದು ತವರ ಮತ್ತು ಆಮ್ಲಜನಕ. ರಸಾಯನದವರಿಗೆ ‘ಐಟ್’ ಅಂದರೆ ‘ಏಟ್’ಗಿಂತ ಆಮ್ಲಜನಕ ಕಡಿಮೆ ಇರುವ ಲವಣ, ಅದಕ್ಕೇ ಸ್ಟ್ಯಾನೇಟ್, ಸ್ಟ್ಯಾನೈಟ್ ಅಂತ ಜೋಡಿ. ಖನಿಜದವರ ‘ಐಟ್’ ಬೇರೆ, ಅದು ಗ್ರೀಕಿನಿಂದ ಬಂದದ್ದು, ಸುಮ್ನೆ ‘ಇಂಥದ್ದರ ಕಲ್ಲು’ ಅನ್ನುವ ಅರ್ಥ. ರಸಾಯನದ ಸ್ಟ್ಯಾನೈಟಿನಲ್ಲಿ ತವರದ ವೇಲೆನ್ಸಿ 2, ಕಲ್ಲಿನ ಸ್ಟ್ಯಾನೈಟಿನಲ್ಲಿ 4. ಇಂಗ್ಲಿಷಿನಲ್ಲೂ ಎರಡಕ್ಕೂ ಒಂದೇ ಕಾಗುಣಿತ, ಹಾಗಾಗಿ ನಾವು ಲಿಪಿ ಬದಲಾಯಿಸಿದರೆ ಗೊಂದಲವೂ ಜೊತೆಗೇ ಬರುತ್ತದೆ. ಪಿಯುಸಿ ಮಕ್ಕಳು ನೋಡುವ ಚೀಟಿ ಇದು, ಅವರು ಪಕ್ಕದ ಲ್ಯಾಬಿನಲ್ಲಿ ಆ ಇನ್ನೊಂದು ಸ್ಟ್ಯಾನೈಟನ್ನು ಓದಿಕೊಂಡೇ ಬಂದಿರುತ್ತಾರೆ.

ಹಾಗಿದ್ದರೆ ಸಹಜವಾದ ಕನ್ನಡದ ಹೆಸರು? ‘ತವರಗಲ್ಲು’ ಅಂತ ತಟ್ಟನೆ ಹೊಳೆಯಿತು, ಸೂಜಿಗಲ್ಲಿನ ಹಾಗೆ. ಆದರೆ ಅದು ಕ್ಯಾಸಿಟರೈಟಿಗೆ ಸೇರಬೇಕಾದ ಹೆಸರು. ಜಗತ್ತಿನ ತವರ ಬಹುಪಾಲು ಬರುವುದು ಅದರಿಂದಲೇ, ಅದರಲ್ಲಿ ತವರ ಮತ್ತು ಆಮ್ಲಜನಕ ಬಿಟ್ಟು ಬೇರೇನಿಲ್ಲ. ನಮ್ಮ ದೇಶದಲ್ಲಿ ಛತ್ತೀಸ್‌ಗಢದ ಬಸ್ತರ್ ಕಡೆ ತೆಗೆಯುವ ತವರದ ಅದಿರೂ ಅದೇ. ದೊಡ್ಡಣ್ಣನ ಹೆಸರನ್ನು ಕಿತ್ತು ತಮ್ಮನಿಗೆ ಕೊಡುವುದು ಸರಿಯಲ್ಲ.

ಹಳೆಯ ಕಾಲದ ಗಣಿಯವರು ಏನನ್ನುತ್ತಿದ್ದರು ಅಂತ ನೋಡಿದೆ. ಈ ಖನಿಜ ಮೊದಲು ಸಿಕ್ಕಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಸೇಂಟ್ ಆಗ್ನೆಸ್ ಎಂಬ ಊರಿನ ಹತ್ತಿರದ ವೀಲ್ ರಾಕ್ ಗಣಿಯಲ್ಲಿ. ಅಲ್ಲಿನ ಗಣಿ ಕೆಲಸದವರು ಇದಕ್ಕೆ ‘ಗಂಟೆಲೋಹದ ಅದಿರು’ ಅನ್ನುತ್ತಿದ್ದರು. ಗಂಟೆ ಎರಕ ಹೊಯ್ಯುವ ಲೋಹದಲ್ಲಿ ಇರುವುದು ತಾಮ್ರ ಮತ್ತು ತವರ, ಈ ಕಲ್ಲಲ್ಲೂ ಅವೆರಡೂ ಇವೆ. ನಮ್ಮಲ್ಲಿ ಗಂಟೆಲೋಹ ಅಂದರೆ ಕಂಚೇ ಅಲ್ವಾ? ಕಾಂಸ್ಯದ ತದ್ಭವ ಕಂಚು, ಊಟದ ತಟ್ಟೆಗೂ ಅದೇ, ದೇವಸ್ಥಾನದ ಗಂಟೆಗೂ ಅದೇ, ‘ಕಂಚಿನ ಕಂಠ’ ಅಂತ ಹೊಗಳುವುದೂ ಆ ನಾದಕ್ಕೇ. ಹಾಗಾಗಿ ‘ಕಂಚಿನ ಅದಿರು’, ಸಂಧಿ ಮಾಡಿದರೆ ‘ಕಂಚದಿರು’. ಕೇಳಲು ಎಷ್ಟು ಚೆನ್ನಾಗಿದೆ! ಎರಡು ದಿನ ಖುಷಿಯಲ್ಲೇ ಇದ್ದೆ.

ಆಮೇಲೆ ಅನುಮಾನ ಶುರುವಾಯಿತು. ಕಂಚು ನೆಲದಿಂದ ಅಗೆದು ತೆಗೆಯುವ ಲೋಹ ಅಲ್ಲ. ಕಂಚುಗಾರ ತಾಮ್ರಕ್ಕೆ ತವರ ಬೆರೆಸಿ ಮಾಡಿಕೊಳ್ಳುವಂಥದ್ದು. ಗಂಟೆಯ ಕಂಚಿನಲ್ಲಿ ತಾಮ್ರ ನೂರಕ್ಕೆ 78ರಷ್ಟು, ತವರ 22ರಷ್ಟು. ಸ್ಟ್ಯಾನೈಟಿನಲ್ಲಿ ಗಂಧಕ, ಕಬ್ಬಿಣ ಎಲ್ಲ ಕಳೆದು ತಾಮ್ರ ತವರ ಎರಡನ್ನೇ ತೂಗಿದರೆ 52ಕ್ಕೆ 48, ಅಂದರೆ ಹೆಚ್ಚುಕಡಿಮೆ ಅರ್ಧರ್ಧ. ಅಷ್ಟು ತವರ ಸೇರಿದ ಲೋಹದಲ್ಲಿ ಗಂಟೆ ಮಾಡಿದರೆ ಮೊದಲ ಪೆಟ್ಟಿಗೇ ಒಡೆಯುತ್ತದೆ. ‘ಕಂಚಿನ ಅದಿರು’ ಅಂತ ಚೀಟಿ ಅಂಟಿಸಿದರೆ ನಾಳೆ ಯಾವ ಹುಡುಗನೋ ಪರೀಕ್ಷೆಯಲ್ಲಿ ‘ಕಂಚನ್ನು ಸ್ಟ್ಯಾನೈಟಿನಿಂದ ತೆಗೆಯುತ್ತಾರೆ’ ಅಂತ ಬರೆದು ಬರುತ್ತಾನೆ. ಕಾರ್ನ್‌ವಾಲಿನ ಗಣಿಯವರಿಗೆ ಆ ಅಪಾಯ ಇರಲಿಲ್ಲ, ಅವರಿಗೆ ಒಲೆಯ ಮುಂದೆ ನಿಂತು ಗೊತ್ತಿತ್ತು.

‘ಅದಿರು’ ಅನ್ನುವುದರ ಬಗ್ಗೆಯೂ ಒಂದು ಮಾತು. ಅದಿರು, ಅದುರು ಎರಡೂ ರೂಪ ನೋಡುತ್ತೇವೆ, ನನಗೆ ಎರಡೂ ಒಪ್ಪಿಗೆ. ಆದರೆ ಅದಿರು ಅಂದರೆ ಲೋಹ ತೆಗೆಯಲು ಲಾಯಕ್ಕಾದದ್ದು. ಸ್ಟ್ಯಾನೈಟನ್ನು ಬೊಲಿವಿಯಾದಂಥ ಕಡೆ ತವರದ ಅದಿರಾಗಿ ತೆಗೆದಿದ್ದಾರೆ ನಿಜ, ಉಳಿದ ಕಡೆ ಅದು ಬೇರೆ ಅದಿರಿನ ಜೊತೆ ಚೂರುಪಾರು ಬರುವ ನೆಂಟ. ಚೀಟಿಯಲ್ಲಿ ಖನಿಜ ಅನ್ನುವುದೇ ವಾಸಿ.

ಜರ್ಮನ್ನರು ಇದಕ್ಕೆ ‘ತ್ಸಿನ್‌ಕೀಸ್’ ಅಂದರು, ‘ತ್ಸಿನ್’ ಅಂದರೆ ತವರ. 1797ರಲ್ಲಿ ರಸಾಯನಶಾಸ್ತ್ರಜ್ಞ ಕ್ಲಾಪ್ರೋಥ್ ಇದನ್ನು ವಿಶ್ಲೇಷಿಸಿದಾಗಲೂ ಅದೇ ಹೆಸರು. ಸ್ಟ್ಯಾನೈಟ್ ವಂಶದ ಹೆಸರು ಬಂದಿದ್ದು 1832ರಲ್ಲಿ, ಫ್ರಾನ್ಸಿನ ಖನಿಜಶಾಸ್ತ್ರಜ್ಞ ಬ್ಯೂದಾಂ ಇಟ್ಟ ‘ಸ್ಟ್ಯಾನಿನ್’ನಿಂದ. ಆ ಜರ್ಮನ್ ಹೆಸರು ನನಗೆ ತುಂಬ ಹಿಡಿಸಿತು. ಅಲ್ಲಿನ ಗಣಿಯವರು ಅದಿರುಗಳನ್ನು ನೋಟದಿಂದಲೇ ವಿಂಗಡಿಸಿದ್ದರು. ಲೋಹದಂತೆ ಮಿಂಚುವ ಗಟ್ಟಿ ಕಲ್ಲು ‘ಕೀಸ್’, ಬೂದು ಹೊಳಪಿನದು ‘ಗ್ಲಾನ್ಸ್’, ನೋಡಲು ಸೀಸದ ಅದಿರಿನ ಹಾಗಿದ್ದು ಕೊನೆಗೆ ಸೀಸ ಕೊಡದೆ ಮೋಸ ಮಾಡುವುದು ‘ಬ್ಲೆಂಡ್’. ಮೂರೇ ಪದ, ಅರ್ಧ ಗಣಿಶಾಸ್ತ್ರ ಅದರಲ್ಲೇ ಮುಗಿಯಿತು.

ಕೀಸ್‌ಗೆ ಸಮನಾದ ಪದ ನಮ್ಮ ರಸಶಾಸ್ತ್ರದಲ್ಲಿ (ಲೋಹ, ಖನಿಜಗಳಿಂದ ಔಷಧ ಮಾಡುವ ಆಯುರ್ವೇದದ ಶಾಖೆ) ಸಿದ್ಧವಾಗಿಯೇ ಇದೆ: ಮಾಕ್ಷಿಕ. ಸ್ವರ್ಣಮಾಕ್ಷಿಕ ಅಂದರೆ ಚಾಲ್ಕೊಪೈರೈಟ್, ನಮ್ಮ ಚಿತ್ರದುರ್ಗದ ಇಂಗಳದಾಳ್ ಗಣಿಯಲ್ಲಿ ತಾಮ್ರಕ್ಕಾಗಿ ತೆಗೆಯುತ್ತಿದ್ದ ಹಳದಿ ಅದಿರು. ಹಾಗಾದರೆ ತ್ಸಿನ್‌ಕೀಸ್ ಅಂದರೆ ‘ತವರಮಾಕ್ಷಿಕ’. ಸಂಸ್ಕೃತಕ್ಕೆ ಕನ್ನಡ ಬೆರೆಸಿದ್ದು ಅರಿಸಮಾಸ ಅಂತ ಯಾರಾದರೂ ಆಕ್ಷೇಪ ತೆಗೆಯುತ್ತಾರೆ ಅಂತ ಗೊತ್ತು, ಬೇಕಾದರೆ ‘ವಂಗಮಾಕ್ಷಿಕ’ ಅನ್ನಿ. ನನ್ನ ತಕರಾರು ಅದಲ್ಲ. ಮಾಕ್ಷಿಕ ಅಂದರೆ ಜೇನು. ಜೇನಿನ ಬಣ್ಣ ನೋಡಿಯೇ ಆ ಹೆಸರು ಇಟ್ಟಿದ್ದು. ನನ್ನ ಕೈಯಲ್ಲಿರುವ ಉಂಡೆಯಲ್ಲಿ ಜೇನಿನ ಬಣ್ಣ ಇರುವುದು ಆ ಸಾಸಿವೆ ಚುಕ್ಕಿಗಳಲ್ಲಿ ಮಾತ್ರ, ಅವೂ ಸ್ಟ್ಯಾನೈಟಿನವಲ್ಲ. ಜರ್ಮನ್ನರು ಕೀಸ್ ಅಂದರು ಅಂತ ನಾವು ಮಾಕ್ಷಿಕ ಅಂದರೆ, ಅದೇ ಆಯಿತಲ್ಲ, ಮಕ್ಷಿಕಾ ಸ್ಥಾನೇ ಮಕ್ಷಿಕಾ (ನೊಣದ ಜಾಗಕ್ಕೆ ನೊಣ)!

ವರ್ಗೀಕರಣದ ಪದಗಳೂ ತಲೆ ತಿನ್ನುತ್ತಿವೆ. ಹಳೆಯ ಪುಸ್ತಕಗಳು ಇದನ್ನು ಗಂಧಕದ ಲವಣಗಳ ಸಾಲಿನಲ್ಲಿ ಕೂರಿಸಿದ್ದವು. ಈಗ ಸಲ್ಫೈಡ್ ವರ್ಗ (ಲೋಹ ನೇರವಾಗಿ ಗಂಧಕದ ಜೊತೆ ಸೇರಿದವು), ಖನಿಜಗಳನ್ನು ವಿಂಗಡಿಸುವ ಸ್ಟ್ರುಂಜ್ ಪಟ್ಟಿಯಲ್ಲಿ 2.ಸಿಬಿ.15ಎ. ಇಲ್ಲಿ 2 ಅಂದರೆ ಸಲ್ಫೈಡುಗಳು, ಸಿ ಅಂದರೆ ಲೋಹಕ್ಕೂ ಗಂಧಕಕ್ಕೂ ಒಂದಕ್ಕೊಂದು ಲೆಕ್ಕ. ‘ಸಲ್ಫೈಡ್’ ಜಾಗದಲ್ಲಿ ಗಂಧಕ ಅಂತ ಹಾಕಿದರೆ ಸಲ್ಫೇಟು, ಸಲ್ಫೈಟು ಎಲ್ಲ ಒಂದೇ ಗೋಣಿಗೆ ಬೀಳುತ್ತವೆ, ಅದಕ್ಕೆ ಸಲ್ಫೈಡ್ ಹಾಗೇ ಇರಲಿ ಅಂತ ತೀರ್ಮಾನಿಸಿದ್ದೇನೆ. ‘ಸ್ಟ್ಯಾನೈಟ್ ಗುಂಪು’ ಅನ್ನುವುದಕ್ಕಿಂತ ‘ಸ್ಟ್ಯಾನೈಟ್ ಬಳಗ’ ಚೆನ್ನಾಗಿಲ್ಲವಾ? ಕಬ್ಬಿಣದ ಜಾಗದಲ್ಲಿ ಸತು ಬಂದರೆ ಕೆಸ್ಟರೈಟ್, ಕ್ಯಾಡ್ಮಿಯಂ ಬಂದರೆ ಚೆರ್ನಿಯೈಟ್, ತಾಮ್ರವೇ ಬಂದು ಕೂತರೆ ಕುರಮೈಟ್, ತಾಮ್ರದ ಜಾಗಕ್ಕೆ ಬೆಳ್ಳಿ ಬಂದರೆ ಹೊಕಾರ್ಟೈಟ್. ನಿಜಕ್ಕೂ ನೆಂಟರ ಹಾಗೆಯೇ.

ಕೆಸ್ಟರೈಟಿನದೇ ಒಂದು ಕಥೆ. ರಷ್ಯಾದ ಯಾಕೂಟಿಯಾದಲ್ಲಿ ಸಿಕ್ಕಿದ್ದು, ಕೆಸ್ಟರ್ ಎಂಬ ಜಾಗದ ಹೆಸರು. ಈಗ ಸೌರಕೋಶದ ಸಂಶೋಧಕರ ಬಾಯಲ್ಲಿ ಇದೇ ಹೆಸರು. ಇದು ಸ್ಟ್ಯಾನೈಟೇ, ಬರೀ ಸತು ಜಾಸ್ತಿ ಅಷ್ಟೆ ಅಂತ ಬಹಳ ಕಾಲ ಅನುಮಾನ ಇತ್ತು, 1978ರಲ್ಲಿ ಒಳರಚನೆ ಬಿಡಿಸಿ ನೋಡಿ ಎರಡೂ ಬೇರೆ ಅಂತ ತೋರಿಸಿದರು. ರಂಗೋಲಿಯಲ್ಲಿ ಚುಕ್ಕಿಗಳು ಅದೇ ಜಾಗದಲ್ಲಿದ್ದು ತುಂಬಿದ ಬಣ್ಣ ಮಾತ್ರ ಬೇರೆಯಾದ ಹಾಗೆ. ಸ್ಟ್ಯಾನೈಟಿನಲ್ಲಿ ಒಂದು ಪದರ ಪೂರ್ತಿ ತಾಮ್ರ, ಮುಂದಿನದು ಕಬ್ಬಿಣ ಮತ್ತು ತವರ. ಕೆಸ್ಟರೈಟಿನಲ್ಲಿ ತಾಮ್ರ ಎಲ್ಲ ಪದರದಲ್ಲೂ ಹಂಚಿಹೋಗಿದೆ. ತಾಮ್ರದ ಪರಮಾಣು ಸಂಖ್ಯೆ 29, ಸತುವಿನದು 30, ಎಕ್ಸ್‌ರೇ ಕಣ್ಣಿಗೆ ಅವಳಿಜವಳಿ. ಅದಕ್ಕೇ ಯಾವುದು ಎಲ್ಲಿ ಕೂತಿದೆ ಅಂತ ಹೇಳಲು ಎಕ್ಸ್‌ರೇ ಬದಲು ನ್ಯೂಟ್ರಾನ್ ಹಾಯಿಸಿ ನೋಡಬೇಕಾಗುತ್ತದೆ.

ಬಳಗದ ಹೊರಗಿನ ದೂರದ ನೆಂಟ ಮಾಸನೈಟ್. ಇದನ್ನು ‘ಮಾವ್ಸನೈಟ್’ ಅಂತ ಬರೆದಿದ್ದು ನೋಡಿದ್ದೇನೆ. ಅಂಟಾರ್ಕ್ಟಿಕಾಕ್ಕೆ ಹೋದ ಆಸ್ಟ್ರೇಲಿಯಾದ ಡಗ್ಲಾಸ್ ಮಾಸನ್ ಅವರ ಹೆಸರು ಅದು, ನಡುವೆ ವ್ ಬೇಡ. ಅಂಗಡಿಯಲ್ಲಿ ವಜ್ರದ ಬದಲು ಮಾರುವ ಮಾಯ್ಸನೈಟ್ ಅಂತೂ ಅಲ್ಲವೇ ಅಲ್ಲ. ಅಂದಹಾಗೆ ಮಾಸನೈಟ್ ಸ್ವಲ್ಪವೂ ಮಾಸಲಲ್ಲ, ಒಳ್ಳೆ ಕಿತ್ತಳೆ ಬಣ್ಣ.

ಕೊನೆಗೆ ಇನ್ನೊಂದು ಪದ. ಗಾಳಿಗೆ ಬಿಟ್ಟ ಸ್ಟ್ಯಾನೈಟಿನ ಮೈ ನೀಲಿ ತಿರುಗುತ್ತದೆ. ಅದಕ್ಕೆ ನಾನು ‘ಕಿಲುಬು’ ಅಂತ ಬರೆದೆ. ನನ್ನ ಹೆಂಡತಿ ಒಪ್ಪುತ್ತಿಲ್ಲ. ಅವಳ ಲೆಕ್ಕದಲ್ಲಿ ಕಿಲುಬು ಹಸಿರಾಗಿರಬೇಕು, ಕೈಗೆ ಅಂಟಬೇಕು, ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗಬೇಕು. ಇದು ಬರೀ ಬಣ್ಣ ಕಟ್ಟಿದ್ದು, ‘ಕಂದಿದೆ’ ಅನ್ನು ಸಾಕು ಅಂತಾಳೆ. ಕಂದುವುದು ಮುಖಕ್ಕೆ, ಹೂವಿಗೆ ಸರಿ, ಕಲ್ಲಿಗೂ ಸರಿಹೋಗುತ್ತದಾ? ನಿಮ್ಮ ಕಡೆ ಬೆಳ್ಳಿ ಕಾಲುಂಗುರ ಕಪ್ಪಾದರೆ ಏನನ್ನುತ್ತೀರಿ, ಅದೇ ಪದ ಇಲ್ಲಿಗೂ ಹೊಂದಬಹುದು.

ಸದ್ಯಕ್ಕೆ ನಾನು ಬರೆದಿಟ್ಟಿರುವುದು ಹೀಗೆ: ‘ಸ್ಟ್ಯಾನೈಟ್ (ಖನಿಜ). ತಾಮ್ರ, ಕಬ್ಬಿಣ, ತವರದ ಸಲ್ಫೈಡ್. ಗಣಿಯವರ ಹಳೆಯ ಹೆಸರು: ಗಂಟೆಲೋಹದ ಅದಿರು.’ ಹಳೆಯ ಹೆಸರು ಅಂತ ಹೇಳಿಬಿಟ್ಟರೆ ತಪ್ಪು ತಿಳಿಯುವ ಭಯ ಕಡಿಮೆ. ‘ಗಂಟೆಲೋಹ’ ತೆಗೆದು ‘ಕಂಚು’ ಹಾಕಲು ಕೈ ಈಗಲೂ ತುರಿಸುತ್ತದೆ. ಚೀಟಿ ನಾಲ್ಕು ಬೆರಳಿನಷ್ಟು ಅಗಲ, ಮೂರು ಸಾಲಿಗಿಂತ ಜಾಸ್ತಿ ಹಿಡಿಸುವುದಿಲ್ಲ. ಸೋಮವಾರ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಹೇಳಿದರೆ ಉಪಕಾರ. ಈ ಸಲ ಕರಡನ್ನು ನಾನೇ ಕೂತು ಓದುತ್ತೇನೆ, ತವರಿನ ಕಾಟ ಸಾಕಾಗಿದೆ.