ಸಹಾಯ ಬೇಕು: ಫ್ರೇಮ್‌ವರ್ಕ್ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಎಲ್ಲಿ ಸಿಗುತ್ತದೆ?

ನಮಸ್ಕಾರ, ನಾನಿರುವುದು ಡೊಂಬಿವಲಿಯಲ್ಲಿ. ಅಮೆರಿಕದಿಂದ ಬಂದಿದ್ದ ಭಾವ ತಮ್ಮ ಹಳೆಯ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ ಕೊಟ್ಟು ಹೋದರು. ಬಿಡಿಭಾಗಗಳನ್ನು ನಾವೇ ಬಿಚ್ಚಿ ಬದಲಿಸಿಕೊಳ್ಳಬಹುದಾದ ಲ್ಯಾಪ್‌ಟಾಪ್ ಇದು. 2021ರ ಮೊದಲ ಮಾದರಿ, ಇಂಟೆಲ್ 11ನೇ ಜನರೇಷನ್ ಪ್ರೊಸೆಸರ್. ಬಿಚ್ಚಿಯೂ ತೋರಿಸಿದರು. ಕೆಳಗಿನ ಐದು ಸ್ಕ್ರೂ ಸಡಿಲಿಸಿ ಕೀಬೋರ್ಡ್ ಎತ್ತಿದರೆ ಮುಗಿಯಿತು. ಸ್ಕ್ರೂ ಕಳಚಿ ಬೀಳುವುದೂ ಇಲ್ಲ, ನನ್ನ ಕಣ್ಣಿಗೆ ಅದೇ ದೊಡ್ಡ ಉಪಕಾರ!

ಈಗಿರುವ 8 ಜಿಬಿ ರ‍್ಯಾಮ್ ಸಾಲುತ್ತಿಲ್ಲ. ಒಂದು ಸ್ಲಾಟ್ ಖಾಲಿ ಇದೆ. ಬೇಕಿರುವುದು ಲ್ಯಾಪ್‌ಟಾಪಿನ ಡಿಡಿಆರ್4 ಬಗೆಯ ರ‍್ಯಾಮ್, 3200 ವೇಗದ್ದು. ಅದರ ನಂತರದ ಡಿಡಿಆರ್5 ಇದರಲ್ಲಿ ಕೂರುವುದಿಲ್ಲ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ಲ್ಯಾಪ್‌ಟಾಪಿನ ಹೆಸರು ಕೇಳಿಯೇ ಆಗಲ್ಲ ಎಂದು ಕೈಯಾಡಿಸಿಬಿಟ್ಟರು. ಹಾಕಿಕೊಳ್ಳುವವನು ನಾನೇ, ಅವರು ಬಿಲ್ ಸಮೇತ ಒಳ್ಳೆ ಮಾಲು ಕೊಟ್ಟರೆ ಸಾಕಲ್ವಾ? ಆ ಕಡೆ ನಂಬಿಕೆಯ ಅಂಗಡಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ಮಾತು. ಆ ಸ್ಕ್ರೂಗಳಿಗೆ ಬೇಕಾದ, ನಕ್ಷತ್ರದಾಕಾರದ ತುದಿಯ ಟಿ5 ಸ್ಕ್ರೂಡ್ರೈವರನ್ನು ಭಾವ ಮರೆತು ಜೊತೆಗೇ ಒಯ್ದಿದ್ದಾರೆ. ಠಾಣೆ, ಕಲ್ಯಾಣ ಕಡೆಯವರು ಯಾರಾದರೂ ಒಂದು ದಿನದ ಮಟ್ಟಿಗೆ ಕೊಡ್ತೀರಾ?